ಉಳಿದುದೇ ಪೂರ್ಣವಾಗುವ ಪರಿ

ಮಹಾನಗರದ ಯಾವುದೊಂದು ದೊಡ್ಡ ಆಸ್ಪತ್ರೆಯಲ್ಲಾದರೂ ಸರಿಯೆ, ಯಕೃತ್ತಿನ ಕಸಿ ನಡೆಯುವ ದಿನ ಒಂದಕ್ಕೊಂದು ಹೊಂದಿಕೊಂಡ ಎರಡು ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಬೆಳಗಿನ ಜಾವದಲ್ಲಿಯೇ ದೀಪಗಳು ಹೊತ್ತಿಕೊಳ್ಳುತ್ತವೆ. ಒಂದರಲ್ಲಿ ಆರೋಗ್ಯವಂತನಾದ ಮಗ, ಇನ್ನೊಂದರಲ್ಲಿ ಕಾಮಾಲೆಯಿಂದ ಹಳದಿಗಟ್ಟಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡ ತಂದೆ. ಮಗನ ಬಲಪಕ್ಕೆಯ ಮರೆಯಲ್ಲಿ ನುಣ್ಣಗೆ, ಕೆಂಗಂದು ಬಣ್ಣದಲ್ಲಿ ಮಿರುಗುತ್ತಿರುವ ಅಂಗವನ್ನು ಶಸ್ತ್ರವೈದ್ಯರು ಎದುರಿಗಿಟ್ಟುಕೊಂಡು, ಅದರೊಳಗೆ ಹರಿಯುವ ರಕ್ತನಾಳಗಳನ್ನೂ ಪಿತ್ತನಾಳಗಳನ್ನೂ ಒಂದೊಂದಾಗಿ ಗುರುತಿಸಿ, ಬಿಡಿಸಿ, ಕಟ್ಟಿ, ಹಲವು ಗಂಟೆಗಳ ತಾಳ್ಮೆಯ ಕೆಲಸದ ಅನಂತರ ಅದರ ಬಲಹಾಲೆಯನ್ನು ಬೇರ್ಪಡಿಸುತ್ತಾರೆ. ಒಟ್ಟು ಯಕೃತ್ತಿನ ಅರ್ಧಕ್ಕೂ ಮಿಕ್ಕ ಭಾಗ ಹೀಗೆ ಒಂದು ದೇಹವನ್ನು ಬಿಟ್ಟು ಮತ್ತೊಂದು ದೇಹಕ್ಕೆ ಸೇರುತ್ತದೆ.

ಹೊರಗೆ ಕಾದಿರುವ ಬಂಧುಗಳು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಡಾಕ್ಟ್ರೇ, ಕೊಟ್ಟವನಿಗೆ ಅದು ಮತ್ತೆ ಬೆಳೆಯುತ್ತದಲ್ಲವೆ?” ಬೆಳೆಯುತ್ತದೆ ಎಂಬುದು ನಿಜವೇ. ಆದರೆ ಹೇಗೆ ಬೆಳೆಯುತ್ತದೆ, ಯಾವ ಆಜ್ಞೆಯಿಂದ ಬೆಳೆಯತೊಡಗುತ್ತದೆ, ಎಲ್ಲಿಗೆ ನಿಲ್ಲುತ್ತದೆ, ಮತ್ತು ಯಾರಲ್ಲಿ ಬೆಳೆಯದೆಹೋಗುತ್ತದೆ ಎಂಬ ಸಂಗತಿಗಳನ್ನು ನಾವು ಅರ್ಧಮರ್ಧವಾಗಿ ಮಾತ್ರ ಬಲ್ಲೆವು. ಈ ಅಂಗದ ಶಕ್ತಿಯನ್ನೂ ಅದರ ಮಿತಿಯನ್ನೂ ಕೂಡಿಯೇ ಅರಿತುಕೊಳ್ಳಬೇಕಾದ ಅಗತ್ಯ ಇಂದು ಹಿಂದೆಂದಿಗಿಂತಲೂ ಹೆಚ್ಚಾಗಿದೆ.

ಕತ್ತರಿಸಿದೆಡೆಯಲ್ಲಿ ಅಲ್ಲ

ವಯಸ್ಕ ಮನುಷ್ಯನ ಯಕೃತ್ತು ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋಗ್ರಾಂ ತೂಗುತ್ತದೆ. ದೇಹದ ಒಳಾಂಗಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಪಿತ್ತರಸವನ್ನು ಸ್ರವಿಸುವುದು, ಉಂಡ ಅನ್ನದ ಸಕ್ಕರೆಯನ್ನು ಕೂಡಿಟ್ಟು ಬೇಕಾದಾಗ ರಕ್ತಕ್ಕೆ ಬಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು, ಅಮೋನಿಯದಂತಹ ವಿಷವನ್ನು ನಿರಪಾಯಕಾರಿಯಾಗಿ ಮಾರ್ಪಡಿಸುವುದು, ಇವೆಲ್ಲವೂ ಇದರ ನಿತ್ಯಕರ್ಮಗಳು. ನಮ್ಮ ಪ್ರಾಚೀನ ಆಯುರ್ವೇದಾಚಾರ್ಯರು ಯಕೃತ್ತನ್ನೂ ಪ್ಲೀಹವನ್ನೂ ರಕ್ತವಹ ಸ್ರೋತಸ್ಸುಗಳ ಮೂಲವೆಂದು ಕರೆದುದು, ರಕ್ತದೊಡನೆ ಈ ಅಂಗಕ್ಕಿರುವ ನಿಕಟ ಸಂಬಂಧ ಅವರ ದೃಷ್ಟಿಗೆ ಬಿದ್ದಿತ್ತೆಂಬುದಕ್ಕೆ ಸಾಕ್ಷಿಯಾಗಿದೆ.

ಇಂತಹ ಅಂಗದ ಒಂದು ಭಾಗವನ್ನು ತೆಗೆದರೆ, ಹಲ್ಲಿಯ ಬಾಲ ಕಡಿದ ಜಾಗದಿಂದಲೇ ಮತ್ತೆ ಬೆಳೆದು ಬರುವಂತೆ, ತೆಗೆದ ಹಾಲೆ ಅದೇ ಸ್ಥಳದಲ್ಲಿ ಮತ್ತೆ ಮೂಡಿಬರುತ್ತದೆಂದು ಹಲವರು ಭಾವಿಸಿದ್ದಾರೆ. ಹಾಗೆ ಆಗುವುದಿಲ್ಲ. ಹೋದ ಹಾಲೆ ಹೋಯಿತು. ಉಳಿದ ಹಾಲೆಗಳೇ ಉಬ್ಬಿ, ದಪ್ಪವಾಗಿ, ಹಿಂದಿನ ಒಟ್ಟು ಗಾತ್ರಕ್ಕೆ ಸಮೀಪವಾಗುವವರೆಗೂ ವೃದ್ಧಿಯನ್ನು ಹೊಂದುತ್ತವೆ. ದಾನಮಾಡಿದವನ ಯಕೃತ್ತು ವರ್ಷದ ಮೇಲೆ ಸ್ಕ್ಯಾನ್ ಚಿತ್ರದಲ್ಲಿ ಕಂಡರೆ, ಗಾತ್ರ ಬಹುಮಟ್ಟಿಗೆ ತುಂಬಿಬಂದಿದ್ದರೂ ಆಕಾರ ಮಾತ್ರ ಬೇರೆಯೇ ಆಗಿರುತ್ತದೆ. ಯಕೃತ್ತು ಮರಳಿ ಪಡೆಯುವುದು ತನ್ನ ರೂಪವನ್ನಲ್ಲ, ತನ್ನ ಕೆಲಸದ ಸಾಮರ್ಥ್ಯವನ್ನು.

ಇನ್ನೊಂದು ವಿಶೇಷವೂ ಉಂಟು. ಚರ್ಮವೂ ಕರುಳಿನ ಒಳಪೊರೆಯೂ ಹೊಸದಾಗುವಾಗ ಅಲ್ಲಿ ಅದಕ್ಕೆಂದೇ ಇರುವ ಆಕರಕೋಶಗಳು ದುಡಿಯುತ್ತವೆ. ಆದರೆ ಆರೋಗ್ಯವಂತ ಯಕೃತ್ತನ್ನು ಕತ್ತರಿಸಿದಾಗ, ಅಷ್ಟುಕಾಲವೂ ತಮ್ಮ ತಮ್ಮ ಕೆಲಸದಲ್ಲಿ ತೊಡಗಿ ವಿಭಜನೆಯ ಗೊಡವೆಯನ್ನೇ ಮರೆತಿದ್ದ ಪ್ರೌಢ ಯಕೃತ್ಕೋಶಗಳೇ ಮತ್ತೆ ವಿಭಜನೆಯ ಹಾದಿಗೆ ಇಳಿಯುತ್ತವೆ.

ಬಿಳಿಯ ಇಲಿಯಿಂದ ಕಲಿತದ್ದು

ಈ ವಿಷಯದಲ್ಲಿ ನಮಗಿರುವ ತಿಳಿವಳಿಕೆಯ ಬಹುಪಾಲು ಬಿಳಿಯ ಇಲಿಯಿಂದ ಬಂದುದು. ಅಮೆರಿಕದ ಹಿಗಿನ್ಸ್ ಮತ್ತು ಆಂಡರ್ಸನ್ ಎಂಬ ಇಬ್ಬರು ಸಂಶೋಧಕರು 1931ರಲ್ಲಿ ಒಂದು ಸರಳವಾದ ವಿಧಾನವನ್ನು ಪ್ರಕಟಿಸಿದರು. ಇಲಿಯ ಯಕೃತ್ತು ಪ್ರತ್ಯೇಕ ಪ್ರತ್ಯೇಕವಾದ ಹಾಲೆಗಳಿಂದ ಕೂಡಿರುವುದರಿಂದ, ಎರಡು ದೊಡ್ಡ ಹಾಲೆಗಳ ಬುಡಕ್ಕೆ ದಾರ ಬಿಗಿದು ಕತ್ತರಿಸಿಬಿಟ್ಟರೆ, ಉಳಿದ ಹಾಲೆಗಳಿಗೆ ಕಿಂಚಿತ್ತೂ ಗಾಯವಾಗದಂತೆ ಒಟ್ಟಿನ ಮೂರನೆಯ ಎರಡು ಪಾಲನ್ನು ತೆಗೆಯಬಹುದು. ಗಾಯವೇ ಆಗದ ಹಾಲೆಗಳು ಒಂದೆರಡು ವಾರಗಳಲ್ಲಿ ಬೆಳೆದು ಕೊರತೆಯನ್ನು ತುಂಬುತ್ತವೆ. ತೊಂಬತ್ತು ವರ್ಷಗಳು ಕಳೆದರೂ ಜಗತ್ತಿನ ಪ್ರಯೋಗಶಾಲೆಗಳು ಇಂದಿಗೂ ಇದೇ ವಿಧಾನವನ್ನು ಅನುಸರಿಸುತ್ತಿವೆ.

ಗಾಯವಾಗದ ಹಾಲೆಗೆ ಬೆಳೆಯಬೇಕೆಂಬ ಸಮಾಚಾರವನ್ನು ತಂದುಕೊಟ್ಟವರಾರು? ಬಾಸ್ಟನ್ನಿನಲ್ಲಿ ನ್ಯಾನ್ಸಿ ಬುಖರ್ ಮತ್ತು ಅವರ ಸಹೋದ್ಯೋಗಿಗಳು 1951ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜೊತೆಜೊತೆಯಾಗಿ ಹೊಲಿದು ರಕ್ತಸಂಚಾರವನ್ನು ಕೂಡಿಸಿದ ಇಲಿಗಳ ಪೈಕಿ ಒಂದರ ಯಕೃತ್ತನ್ನು ಕತ್ತರಿಸಿದಾಗ, ಶಸ್ತ್ರ ತಾಗದ ಇನ್ನೊಂದರ ಯಕೃತ್ತಿನಲ್ಲಿಯೂ ಕೋಶವಿಭಜನೆ ಹೆಚ್ಚಿದುದು ಕಂಡುಬಂದಿತು. ಸಮಾಚಾರ ರಕ್ತದಲ್ಲಿಯೇ ಹರಿದುಬರುತ್ತದೆಂಬುದು ಇದರಿಂದ ಸೂಚಿತವಾಯಿತು. ಅದನ್ನು ಹೊತ್ತುತರುವ ಪದಾರ್ಥಗಳಲ್ಲಿ ಒಂದನ್ನು ಜಪಾನಿನ ತೋಶಿಕಾಝು ನಕಮುರ ಅವರು 1984ರಲ್ಲಿ ಹೀಗೆ ಯಕೃತ್ತು ಕತ್ತರಿಸಿದ ಇಲಿಗಳ ರಕ್ತದಿಂದಲೇ ಬೇರ್ಪಡಿಸಿ ತೋರಿಸಿದರು. ಅದಕ್ಕೆ ಯಕೃತ್ಕೋಶವರ್ಧಕವೆಂದು ಹೇಳಬಹುದು.

ಮೊದಲ ನಿಮಿಷಗಳು

ಯಕೃತ್ತಿಗೆ ಬರುವ ರಕ್ತದ ಮುಕ್ಕಾಲು ಪಾಲು ಹೃದಯದಿಂದ ನೇರವಾಗಿ ಬರುವುದಲ್ಲ. ಕರುಳು, ಪ್ಲೀಹ, ಮೇದೋಜೀರಕ ಗ್ರಂಥಿಗಳನ್ನು ಸುತ್ತಿ, ಆಹಾರದ ಸಾರವನ್ನೂ ಇನ್ಸುಲಿನ್ನನ್ನೂ ಹೊತ್ತು, ಪೋರ್ಟಲ್ ರಕ್ತನಾಳದ ಮೂಲಕ ಬರುತ್ತದೆ. ಮೂರನೆಯ ಎರಡು ಪಾಲನ್ನು ತೆಗೆದೊಡನೆಯೇ, ಮೊದಲು ಇಡೀ ಯಕೃತ್ತಿಗೆ ಹಂಚಿಹೋಗುತ್ತಿದ್ದ ಈ ರಕ್ತವೆಲ್ಲವೂ ಉಳಿದ ಒಂದು ಪಾಲಿನಲ್ಲಿಯೇ ನುಗ್ಗಬೇಕಾಗುತ್ತದೆ. ಪ್ರತಿಯೊಂದು ಕೋಶಕ್ಕೂ ತಗಲುವ ಪ್ರವಾಹ ಮೂರುಪಟ್ಟಾಗುತ್ತದೆ. ಈ ಒತ್ತಡದ ಬದಲಾವಣೆಯೇ ಮೊಟ್ಟಮೊದಲ ಎಚ್ಚರಿಕೆ.

ಕೆಲವೇ ನಿಮಿಷಗಳಲ್ಲಿ ಮೊದಲನೆಯ ಕಿಣ್ವ ಕಾರ್ಯೋನ್ಮುಖವಾಗುತ್ತದೆ. ಕಿಣ್ವವೆಂದರೆ, ತಾನು ವ್ಯಯವಾಗದೆ ದೇಹದ ರಾಸಾಯನಿಕ ಕ್ರಿಯೆಗಳನ್ನು ಶೀಘ್ರಗೊಳಿಸುವ ಪ್ರೋಟೀನು. ಒಂದೊಂದು ಕಿಣ್ವಕ್ಕೂ ಒಂದೊಂದು ನಿಯತವಾದ ಕೆಲಸ. ಈಗ ಎಚ್ಚರಗೊಳ್ಳುವ ಯೂರೋಕೈನೇಸ್ ಎಂಬ ಕಿಣ್ವದ ಕೆಲಸ ಪ್ರೋಟೀನುಗಳನ್ನು ಗೊತ್ತಾದ ಸ್ಥಳದಲ್ಲಿ ಸೀಳುವುದು. ಯಕೃತ್ಕೋಶವರ್ಧಕವು ಕೋಶಗಳ ಸುತ್ತಣ ಜಾಲದಲ್ಲಿ ನಿಷ್ಕ್ರಿಯ ರೂಪದಲ್ಲಿ ಮೊದಲೇ ಕೂಡಿಟ್ಟ ಧನದಂತಿರುತ್ತದೆ. ಜಾಲವನ್ನು ಸಡಿಲಗೊಳಿಸಿ, ಆ ವರ್ಧಕವನ್ನು ಸೀಳಿ, ಸಕ್ರಿಯಗೊಳಿಸಿ ಬಿಡುವುದರಲ್ಲಿ ಈ ಕಿಣ್ವಕ್ಕೆ ಮುಖ್ಯವಾದ ಪಾತ್ರವಿದೆ. ಆದುದರಿಂದ ಮೊದಲ ಆಜ್ಞೆ ಹೊರಡಲು ಹೊಸದಾಗಿ ಏನನ್ನೂ ತಯಾರಿಸುವವರೆಗೆ ಕಾಯಬೇಕಾಗಿಲ್ಲ.

ಅದೇ ಹೊತ್ತಿಗೆ, ಯಕೃತ್ತಿನೊಳಗೆ ಕಾವಲಿರುವ ಕುಪ್ಫರ್ ಕೋಶಗಳು ಕೆಲವು ಸಂದೇಶ ಪದಾರ್ಥಗಳನ್ನು ಸ್ರವಿಸಿ, ನಿಶ್ಚಲವಾಗಿದ್ದ ಯಕೃತ್ಕೋಶಗಳನ್ನು ವಿಭಜನೆಗೆ ಅಣಿಗೊಳಿಸುತ್ತವೆ. ಅರ್ಧ ಗಂಟೆ, ಒಂದು ಗಂಟೆಯೊಳಗೆ ಕೋಶಕೇಂದ್ರದಲ್ಲಿ ಅದುವರೆಗೆ ಮೌನವಾಗಿದ್ದ ಅನೇಕ ಜೀನುಗಳು ಸಕ್ರಿಯವಾಗಿಬಿಟ್ಟಿರುತ್ತವೆ.

ಕಿಣ್ವಗಳ ಸರದಿ

ಇಲ್ಲಿಂದ ಮುಂದಿನ ಒಂದು ದಿನದ ಇತಿಹಾಸವೆಂದರೆ ಒಂದಾದಮೇಲೊಂದರಂತೆ ರಂಗಕ್ಕೆ ಬರುವ ಕಿಣ್ವಗಳ ಇತಿಹಾಸ. ನಾಲ್ಕು ಗಂಟೆಗಳಾಗುವಷ್ಟರಲ್ಲಿ ಆರ್ನಿಥೀನ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವದ ಚಟುವಟಿಕೆ ಅನೇಕ ಪಟ್ಟು ಏರಿರುತ್ತದೆ. 1968ರಲ್ಲಿ ಡಯಾನ್ ರಸೆಲ್ ಮತ್ತು ಸಾಲೊಮನ್ ಸ್ನೈಡರ್ ಅವರು ಪುನರ್ವೃದ್ಧಿ ಹೊಂದುತ್ತಿರುವ ಇಲಿಯ ಯಕೃತ್ತಿನಲ್ಲಿಯೂ, ಕೋಳಿಯ ಭ್ರೂಣದಲ್ಲಿಯೂ, ಕೆಲವು ಗಂತಿಗಳಲ್ಲಿಯೂ, ಎಂದರೆ ವೇಗವಾಗಿ ಬೆಳೆಯುವ ಅಂಗಾಂಶಗಳಲ್ಲೆಲ್ಲ, ಇದು ಏರುವುದನ್ನು ತೋರಿಸಿದರು. ಈ ಕಿಣ್ವ ತಯಾರಿಸುವ ಪಾಲಿಅಮೀನ್ ಎಂಬ ಸಣ್ಣ ಅಣುಗಳಿಲ್ಲದೆ ಕೋಶದ ಬೆಳವಣಿಗೆ ಸಾಗುವುದಿಲ್ಲ. ಆದರೆ ಅದರ ಆಯುಸ್ಸು ಅತ್ಯಲ್ಪ: ಹತ್ತಿಪ್ಪತ್ತು ನಿಮಿಷಗಳಲ್ಲಿ ಇದ್ದುದರ ಅರ್ಧದಷ್ಟು ನಾಶವಾಗಿಬಿಡುತ್ತದೆ. ಬೆಳವಣಿಗೆಯ ಬಾಗಿಲನ್ನು ಬೇಕಾದಾಗ ತೆರೆದು ಬೇಡವಾದಾಗ ಕೂಡಲೆ ಮುಚ್ಚಲು ಇಂತಹ ಅಲ್ಪಾಯುವಾದ ಕಿಣ್ವವೇ ತಕ್ಕುದು.

ಅನಂತರದ ಸರದಿ ಡಿಎನ್‌ಎ ತಯಾರಿಕೆಯ ಕಿಣ್ವಗಳದು. ಒಂದು ಕೋಶ ಎರಡಾಗಬೇಕಾದರೆ ಅದರ ಡಿಎನ್‌ಎ ಮೊದಲು ಇಮ್ಮಡಿಯಾಗಬೇಕು. ಡಿಎನ್‌ಎ ಇಮ್ಮಡಿಯಾಗಬೇಕಾದರೆ ಅದರ ನಾಲ್ಕು ಬಗೆಯ ಘಟಕಗಳು ಹೇರಳವಾಗಿ ಒದಗಬೇಕು. ರೈಬೋನ್ಯೂಕ್ಲಿಯೋಟೈಡ್ ರಿಡಕ್ಟೇಸ್ ಎಂಬುದು ಕೋಶದಲ್ಲಿ ಮೊದಲೇ ಇರುವ ಆರ್‌ಎನ್‌ಎ ಘಟಕಗಳನ್ನು ಡಿಎನ್‌ಎ ಘಟಕಗಳಾಗಿ ಮಾರ್ಪಡಿಸುತ್ತದೆ. ಥೈಮಿಡಿನ್ ಕೈನೇಸ್ ಎಂಬುದು ಥೈಮಿಡಿನ್ ಎಂಬ ಘಟಕಕ್ಕೆ ಫಾಸ್ಫೇಟನ್ನು ಸೇರಿಸಿ, ಅದು ಕೋಶದಿಂದ ಹೊರಗೆ ಜಾರಿಹೋಗದಂತೆ ಹಿಡಿದಿಟ್ಟು, ಕೆಲಸಕ್ಕೆ ಸಿದ್ಧಪಡಿಸುತ್ತದೆ. ಕಡೆಗೆ ಡಿಎನ್‌ಎ ಪಾಲಿಮರೇಸ್ ಈ ಘಟಕಗಳನ್ನು ಕ್ರಮತಪ್ಪದಂತೆ ಜೋಡಿಸುತ್ತ ಹೋಗುತ್ತದೆ.

ನಿಶ್ಚಲವಾಗಿರುವ ಪ್ರೌಢ ಯಕೃತ್ತಿನಲ್ಲಿ ಥೈಮಿಡಿನ್ ಕೈನೇಸಿನ ಚಟುವಟಿಕೆ ಹುಡುಕಿದರೂ ಸಿಗದಷ್ಟು ಅಲ್ಪ. ಶಸ್ತ್ರಕ್ರಿಯೆಯಾದ ಒಂದೆರಡು ದಿನಗಳಲ್ಲಿ ಅದೇ ಯಕೃತ್ತಿನಲ್ಲಿ ಅದು ಉತ್ಕರ್ಷಕ್ಕೆ ಏರುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಫ್ರೆಡರಿಕ್ ಬೋಲಮ್ ಮತ್ತು ವ್ಯಾನ್ ಪಾಟರ್ ಅವರು 1950ರ ದಶಕದ ಕೊನೆಯಲ್ಲಿ, ಪುನರ್ವೃದ್ಧಿ ಹೊಂದುತ್ತಿರುವ ಯಕೃತ್ತನ್ನು ಅರೆದು ತೆಗೆದ ಸಾರದಲ್ಲಿ ಥೈಮಿಡಿನ್ನನ್ನು ಡಿಎನ್‌ಎಗೆ ಸೇರಿಸಬಲ್ಲ ಕಿಣ್ವಗಳಿರುವುದನ್ನು ಪ್ರಯೋಗನಾಳದಲ್ಲಿಯೇ ತೋರಿಸಿಕೊಟ್ಟರು. ಇದೇ ಪಾಟರ್ ಅವರು ಮುಂದೆ 1971ರಲ್ಲಿ ಜೀವವಿಜ್ಞಾನಕ್ಕೂ ನೀತಿಗೂ ಸೇತುವೆಯಾಗಬೇಕೆಂದು ‘ಬಯೋಎಥಿಕ್ಸ್: ಬ್ರಿಜ್ ಟು ದ ಫ್ಯೂಚರ್’ ಎಂಬ ಗ್ರಂಥವನ್ನು ರಚಿಸಿದರು. ಒಬ್ಬ ಆರೋಗ್ಯವಂತನ ಯಕೃತ್ತನ್ನು ಇನ್ನೊಬ್ಬನಿಗಾಗಿ ಕತ್ತರಿಸುವುದು ಎಷ್ಟರಮಟ್ಟಿಗೆ ನ್ಯಾಯ ಎಂಬ ಪ್ರಶ್ನೆಯನ್ನು ಎದುರಿಸುವ ನಮಗೆ, ಕಿಣ್ವಗಳನ್ನು ಅಳೆದ ಅದೇ ಮನಸ್ಸು ನೀತಿಯನ್ನೂ ಚಿಂತಿಸಿತೆಂಬುದು ನೆನೆಯಬೇಕಾದ ಸಂಗತಿ.

ಸೂಕ್ಷ್ಮದರ್ಶಕದ ಕೆಳಗೆ

ಈ ಕಿಣ್ವಗಳ ಕೆಲಸವನ್ನು ಕಣ್ಣಾರೆ ಕಾಣಲು ವಿಜ್ಞಾನಿಗಳು ಒಂದು ಉಪಾಯವನ್ನು ಮಾಡಿದರು. ವಿಕಿರಣಶೀಲವಾದ ಟ್ರಿಟಿಯಮ್ಮಿನಿಂದ ಗುರುತುಮಾಡಿದ ಥೈಮಿಡಿನ್ನನ್ನು ಇಲಿಗೆ ಚುಚ್ಚಿದರೆ, ಆ ಹೊತ್ತಿನಲ್ಲಿ ಡಿಎನ್‌ಎ ತಯಾರಿಸುತ್ತಿರುವ ಕೋಶಗಳು ಮಾತ್ರವೇ ಅದನ್ನು ತಮ್ಮ ಕೇಂದ್ರಕ್ಕೆ ಸೇರಿಸಿಕೊಳ್ಳುತ್ತವೆ. ಯಕೃತ್ತಿನ ತೆಳುವಾದ ಪದರವನ್ನು ಗಾಜಿನ ಮೇಲಿಟ್ಟು, ಛಾಯಾಗ್ರಹಣದ ಲೇಪವನ್ನು ಬಳಿದು, ಕತ್ತಲೆಯಲ್ಲಿ ಕೆಲವು ವಾರ ಬಿಟ್ಟು ತೊಳೆದರೆ, ಆ ಕೇಂದ್ರಗಳ ಮೇಲೆ ಬೆಳ್ಳಿಯ ಕರಿಯ ಕಣಗಳು ಗುಂಪುಗೂಡಿರುತ್ತವೆ.

ಇಲಿಯಲ್ಲಿ ಹನ್ನೆರಡು ಗಂಟೆಗಳವರೆಗೂ ಇಂತಹ ಕಪ್ಪು ಚುಕ್ಕೆಗಳು ಕಾಣುವುದು ಅಪರೂಪ. ಆಮೇಲೆ ಒಂದೊಂದಾಗಿ ಕಾಣತೊಡಗಿ, ಇಪ್ಪತ್ತನಾಲ್ಕು ಗಂಟೆಗಳ ಹೊತ್ತಿಗೆ ಅವುಗಳ ಸಂಖ್ಯೆ ಶಿಖರಕ್ಕೆ ಮುಟ್ಟುತ್ತದೆ. ಅವು ಮೊದಲು ಕಾಣುವುದು ಪೋರ್ಟಲ್ ರಕ್ತ ಒಳಬರುವ ಕವಲುಗಳ ಸುತ್ತಣ ಕೋಶಗಳಲ್ಲಿ. ಅಲ್ಲಿಂದ ಮೆಲ್ಲನೆ ರಕ್ತ ಹೊರಹೋಗುವ ಮಧ್ಯನಾಳದ ಕಡೆಗೆ ಹಬ್ಬುತ್ತ ಹೋಗುತ್ತವೆ. ಇದಾದ ಆರೆಂಟು ಗಂಟೆಗಳಿಗೆ ವರ್ಣತಂತುಗಳು ಬೇರ್ಪಟ್ಟು ಕೋಶಗಳು ಇಬ್ಭಾಗವಾಗುತ್ತಿರುವ ದೃಶ್ಯ ಕಾಣುತ್ತದೆ.

ಯಕೃತ್ಕೋಶಗಳೇ ಮುಂದೆ, ಮಿಕ್ಕವು ಹಿಂದೆ ಎಂಬುದು ಇಲ್ಲಿಯ ಕ್ರಮ. ಮೂರು ನಾಲ್ಕು ದಿನಗಳ ಹೊತ್ತಿಗೆ ಹೊಸದಾಗಿ ಹುಟ್ಟಿದ ಕೋಶಗಳು ನಡುವೆ ರಕ್ತನಾಳವಿಲ್ಲದ ಪುಟ್ಟ ಗುಂಪುಗಳಾಗಿ ಒತ್ತಿಕೊಂಡಿರುತ್ತವೆ. ಅವು ಹೊರಡಿಸುವ ಸಂಕೇತಗಳಿಗೆ ಓಗೊಟ್ಟು, ರಕ್ತನಾಳದ ಒಳಗೋಡೆಯ ಕೋಶಗಳು ತಾವೂ ವಿಭಜಿಸಿ, ಆ ಗುಂಪುಗಳೊಳಗೆ ತೂರಿ ಹೊಸ ದಾರಿಗಳನ್ನು ರಚಿಸುತ್ತವೆ. ಆ ದಾರಿಗೆ ಅಡ್ಡವಾದ ಹಳೆಯ ಜಾಲವನ್ನು ಕರಗಿಸಿಕೊಡುವ ಕೆಲಸ ಮೆಟಲೋಪ್ರೋಟಿನೇಸ್ ಎಂಬ ಕಿಣ್ವಗಳದು.

ಹಿಗ್ಗುವುದು ಮತ್ತು ಹೆಚ್ಚುವುದು

ಪುನರ್ವೃದ್ಧಿಯೆಂದರೆ ಕೋಶಗಳ ಸಂಖ್ಯೆ ಹೆಚ್ಚುವುದೆಂದು ಬಹುಕಾಲ ನಂಬಲಾಗಿತ್ತು. ಅದು ಪೂರ್ಣ ಸತ್ಯವಲ್ಲವೆಂಬುದನ್ನು ಜಪಾನಿನ ಸಂಶೋಧಕರು ಚಿಟ್ಟಿಲಿಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಯಕೃತ್ತಿನ ನೂರಕ್ಕೆ ಮೂವತ್ತು ಪಾಲನ್ನು ಮಾತ್ರ ತೆಗೆದಾಗ, ಉಳಿದ ಕೋಶಗಳು ಬಹುಮಟ್ಟಿಗೆ ವಿಭಜಿಸದೆಯೇ ತಮ್ಮ ಗಾತ್ರವನ್ನು ಹಿಗ್ಗಿಸಿಕೊಂಡು ನಷ್ಟವನ್ನು ತುಂಬಿದವು. ನೂರಕ್ಕೆ ಎಪ್ಪತ್ತು ಪಾಲನ್ನು ತೆಗೆದಾಗ ಮೊದಲು ಹಿಗ್ಗಿ, ಆಮೇಲೆ ವಿಭಜಿಸಿದವು.

ಕೋಶವನ್ನು ಇಬ್ಭಾಗದ ಘಟ್ಟಕ್ಕೆ ನೂಕುವ ಸಿಡಿಕೆ-1 ಎಂಬ ಕಿಣ್ವವನ್ನು ಚಿಟ್ಟಿಲಿಗಳ ಯಕೃತ್ತಿನಿಂದ ತೆಗೆದುಹಾಕಿ ನೋಡಿದ ಸಿಂಗಪುರದ ಸಂಶೋಧಕರು ಅದೇ ವರ್ಷ ಇನ್ನೂ ವಿಸ್ಮಯಕರವಾದ ಸಂಗತಿಯನ್ನು ಕಂಡರು. ಕೋಶಗಳಿಗೆ ವಿಭಜನೆಯೇ ಅಸಾಧ್ಯವಾಗಿದ್ದರೂ ಯಕೃತ್ತು ಕೋಶಗಳ ಹಿಗ್ಗುವಿಕೆಯೊಂದರಿಂದಲೇ ತನ್ನ ಗಾತ್ರವನ್ನು ಮರಳಿ ಪಡೆಯಿತು. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿಯಿಂದ ಗುರಿಯನ್ನು ಸೇರುವ ಈ ಗುಣವೇ ಯಕೃತ್ತಿನ ನಿಜವಾದ ಬಲ.

ಬೆಳೆಯುತ್ತಲೇ ದುಡಿಯಬೇಕಾದ ಕಷ್ಟ

ಮುರಿದ ಕಾಲಿಗೆ ವಿಶ್ರಾಂತಿಯನ್ನು ಕೊಡಬಹುದು, ಯಕೃತ್ತಿಗೆ ರಜೆಯಿಲ್ಲ. ಮೂರನೆಯ ಒಂದು ಪಾಲಾಗಿ ಉಳಿದಾಗಲೂ ಇಡೀ ದೇಹದ ಸಕ್ಕರೆಯನ್ನು ಅದು ನೋಡಿಕೊಳ್ಳಲೇಬೇಕು. ಆದುದರಿಂದಲೇ, ರಕ್ತಕ್ಕೆ ಸಕ್ಕರೆಯನ್ನು ಬಿಡುವ ಕೊನೆಯ ಹಂತವನ್ನು ನಡೆಸುವ ಗ್ಲೂಕೋಸ್-6-ಫಾಸ್ಫಟೇಸ್ ಎಂಬ ಕಿಣ್ವದ ಜೀನು ಶಸ್ತ್ರಕ್ರಿಯೆಯ ಅನಂತರ ಮೊದಮೊದಲು ಎಚ್ಚರಗೊಳ್ಳುವ ಜೀನುಗಳ ಸಾಲಿನಲ್ಲಿಯೇ ಇದೆ.

ಇನ್ನು ಕೆಲವು ಕೆಲಸಗಳನ್ನು ತಾತ್ಕಾಲಿಕವಾಗಿ ತಗ್ಗಿಸದೆ ಗತ್ಯಂತರವಿಲ್ಲ. ಔಷಧಗಳನ್ನು ಅರಗಿಸುವ ಸೈಟೋಕ್ರೋಮ್ ಪಿ-450 ವರ್ಗದ ಕಿಣ್ವಗಳ ಚಟುವಟಿಕೆ ಈ ದಿನಗಳಲ್ಲಿ ಕುಗ್ಗುವುದು ಪ್ರಯೋಗಗಳಲ್ಲಿ ಕಂಡಿದೆ. ಯಕೃತ್ತಿನ ಶಸ್ತ್ರಚಿಕಿತ್ಸೆಯಾದವರಿಗೆ ನೋವುನಿವಾರಕಗಳನ್ನೂ ನಿದ್ರೆಯ ಔಷಧಗಳನ್ನೂ ವೈದ್ಯರು ಅಳೆದು ತೂಗಿ ಕೊಡುವುದಕ್ಕೆ ಇದೂ ಒಂದು ಕಾರಣ. ರಕ್ತದಲ್ಲಿನ ಫಾಸ್ಫೇಟಿನ ಮಟ್ಟವೂ ಮೊದಲ ದಿನಗಳಲ್ಲಿ ಇಳಿಯುವುದರಿಂದ ಅದನ್ನು ದಿನವೂ ನೋಡಿ ಹೊರಗಿನಿಂದ ತುಂಬಿಕೊಡುತ್ತಾರೆ.

ಇಲ್ಲಿ ಓದುಗರು ಒಂದು ಭೇದವನ್ನು ಗಮನಿಸಬೇಕು. ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಕಾಣುವ ಎಸ್‌ಜಿಓಟಿ, ಎಸ್‌ಜಿಪಿಟಿ ಎಂಬವೂ ಕಿಣ್ವಗಳೇ. ಆದರೆ ಅವು ರಕ್ತದಲ್ಲಿ ಏರುವುದು ಯಕೃತ್ಕೋಶಗಳು ನೊಂದು, ಒಡೆದು, ಒಳಗಿದ್ದುದು ಹೊರಕ್ಕೆ ಸೋರಿದಾಗ. ಶಸ್ತ್ರಕ್ರಿಯೆಯ ಮರುದಿನ ಅವು ಏರಿ, ಕೆಲವು ದಿನಗಳಲ್ಲಿ ಇಳಿಯುತ್ತವೆ, ಇಳಿಯಲೇಬೇಕು. ಬೆಳವಣಿಗೆಯನ್ನು ನಡೆಸುವ ಕಿಣ್ವಗಳಾದರೋ ಕೋಶದೊಳಗೇ ದುಡಿಯುವಂಥವು. ಸಾಮಾನ್ಯ ರಿಪೋರ್ಟಿನಲ್ಲಿ ಅವುಗಳ ಹೆಸರು ಕಾಣುವುದಿಲ್ಲ.

ಹಾಗಾದರೆ ಬೆಳವಣಿಗೆ ಸರಿಯಾಗಿ ನಡೆದಿದೆಯೆಂದು ವೈದ್ಯರು ತಿಳಿಯುವುದು ಹೇಗೆ? ಯಕೃತ್ತು ತನ್ನ ಕೆಲಸವನ್ನು ಮಾಡುತ್ತಿದೆಯೆ ಎಂಬುದನ್ನು ನೋಡಿ. ಪಿತ್ತವರ್ಣವಾದ ಬಿಲಿರುಬಿನ್ ಇಳಿಯುತ್ತಿದೆಯೆ, ರಕ್ತ ಹೆಪ್ಪುಗಟ್ಟುವ ವೇಗ ಸುಧಾರಿಸುತ್ತಿದೆಯೆ ಎಂಬ ಎರಡು ಅಳತೆಗಳೇ ಇಲ್ಲಿ ಮುಖ್ಯ. ಐದನೆಯ ದಿನ ಪ್ರೋಥ್ರಾಂಬಿನ್ನಿನ ಮಟ್ಟ ಸಹಜದ ಅರ್ಧಕ್ಕಿಂತ ಕೆಳಗಿದ್ದು, ಬಿಲಿರುಬಿನ್ ಡೆಸಿಲೀಟರಿಗೆ ಸುಮಾರು 3 ಮಿಲಿಗ್ರಾಂ ದಾಟಿದ್ದರೆ, ಪ್ರಾಣಾಪಾಯ ತೀವ್ರವಾಗಿದೆಯೆಂದು ಫ್ರಾನ್ಸಿನ ಶಸ್ತ್ರವೈದ್ಯರು 2005ರಲ್ಲಿ ತೋರಿಸಿಕೊಟ್ಟರು.

ಸಾಕೆಂದು ಹೇಳುವವರು ಯಾರು

ಬೆಳೆಯುವುದಕ್ಕಿಂತ ನಿಲ್ಲುವುದು ಹೆಚ್ಚಿನ ಅಚ್ಚರಿ. ಇದೇ ಕೋಶಗಳು ಇದೇ ವೇಗದಲ್ಲಿ ನಿಲ್ಲದೆ ವಿಭಜಿಸುತ್ತಹೋದರೆ ಅದು ಅರ್ಬುದವಾಗುತ್ತದೆ. ಯಕೃತ್ತು ಹಾಗೆ ಮಾಡುವುದಿಲ್ಲ. ದೇಹದ ತೂಕಕ್ಕೆ ತಕ್ಕ ಪ್ರಮಾಣವನ್ನು ಮುಟ್ಟಿದೊಡನೆ ನಿಲ್ಲುತ್ತದೆ.

ಈ ಪ್ರಮಾಣವನ್ನು ಗೊತ್ತುಮಾಡುವುದು ಯಕೃತ್ತಲ್ಲ, ಅದನ್ನು ಧರಿಸಿದ ದೇಹ. ಚಿಕ್ಕ ನಾಯಿಯ ಯಕೃತ್ತನ್ನು ದೊಡ್ಡ ನಾಯಿಗೆ ಕಸಿಮಾಡಿದಾಗ ಅದು ಹೊಸ ಒಡೆಯನ ಗಾತ್ರಕ್ಕೆ ಹೊಂದುವಂತೆ ಬೆಳೆದುದು 1987ರಲ್ಲಿ ವರದಿಯಾಯಿತು. 1992ರಲ್ಲಿ ಪಿಟ್ಸ್‌ಬರ್ಗಿನ ಥಾಮಸ್ ಸ್ಟಾರ್ಜ್ಲ್ ಅವರ ತಂಡ ಬಬೂನ್ ಎಂಬ ವಾನರದ ಯಕೃತ್ತನ್ನು ಮನುಷ್ಯನಿಗೆ ಕಸಿಮಾಡಿದಾಗ, ರೋಗಿ ಬಹುಕಾಲ ಬದುಕದಿದ್ದರೂ, ಆ ಸಣ್ಣ ಯಕೃತ್ತು ಕೆಲವು ವಾರಗಳಲ್ಲಿಯೇ ಮನುಷ್ಯದೇಹಕ್ಕೆ ತಕ್ಕಂತೆ ದೊಡ್ಡದಾಯಿತು.

ನಿಲುಗಡೆಯ ಯಂತ್ರದಲ್ಲಿಯೂ ಕಿಣ್ವಗಳಿವೆ. ಹಿಪ್ಪೋ ಮಾರ್ಗವೆಂದು ಜೀವವಿಜ್ಞಾನಿಗಳು ಕರೆಯುವ ಸರಣಿಯ ಕೈನೇಸ್ ಕಿಣ್ವಗಳು, ಬೆಳವಣಿಗೆಯನ್ನು ಪ್ರೇರಿಸುವ ಒಂದು ಪ್ರೋಟೀನನ್ನು ಕೋಶಕೇಂದ್ರಕ್ಕೆ ಪ್ರವೇಶಿಸದಂತೆ ಹೊರಗೇ ತಡೆಹಿಡಿಯುತ್ತವೆ. ಚಿಟ್ಟಿಲಿಗಳಲ್ಲಿ ಈ ತಡೆಯನ್ನು ತೆಗೆದರೆ ಯಕೃತ್ತು ಮಿತಿಮೀರಿ ಬೆಳೆದು, ಕಾಲಕ್ರಮದಲ್ಲಿ ಅರ್ಬುದಕ್ಕೆ ಎಡೆಯಾಗುತ್ತದೆ.

ಶಸ್ತ್ರವೈದ್ಯರ ಲೆಕ್ಕಾಚಾರ

ಈ ಜ್ಞಾನವೆಲ್ಲವೂ ಶಸ್ತ್ರವೈದ್ಯರ ಮೇಜಿನ ಮೇಲೆ ಒಂದು ಲೆಕ್ಕವಾಗಿ ಬಂದು ನಿಲ್ಲುತ್ತದೆ: ಎಷ್ಟನ್ನು ತೆಗೆಯಬಹುದು ಎಂಬುದಕ್ಕಿಂತ ಎಷ್ಟನ್ನು ಉಳಿಸಬೇಕು. ಆರೋಗ್ಯವಾದ ಯಕೃತ್ತಿನಲ್ಲಿ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಪಾಲಾದರೂ ಉಳಿಯಬೇಕು. ಕ್ಯಾನ್ಸರಿನ ಔಷಧಗಳಿಂದ ಬಳಲಿದ ಯಕೃತ್ತಾದರೆ ಮೂವತ್ತು. ಗಂಟುಕಟ್ಟಿ ಗಡುಸಾದ ಯಕೃತ್ತಾದರೆ ನಲವತ್ತು. ಬೆಳೆಯುವ ಶಕ್ತಿ ಕುಂದಿದಷ್ಟೂ ಉಳಿಸಬೇಕಾದ ಪಾಲು ದೊಡ್ಡದಾಗುತ್ತದೆ.

ಉಳಿಯುವ ಪಾಲು ಸಾಲದೆಂದು ಕಂಡಾಗ ಅದನ್ನು ಮುಂಚಿತವಾಗಿಯೇ ಬೆಳೆಸಿಕೊಳ್ಳುವ ಉಪಾಯವೂ ಇದೆ. ಪೋರ್ಟಲ್ ರಕ್ತನಾಳದ ಒಂದು ಕವಲನ್ನು ಕಟ್ಟಿದರೆ ಆ ಕಡೆಯ ಯಕೃತ್ತು ಕುಗ್ಗಿ ಇನ್ನೊಂದು ಕಡೆಯದು ಬೆಳೆಯುತ್ತದೆಂಬುದನ್ನು ಪೇಟನ್ ರೌಸ್ ಮತ್ತು ಲಾರಿಮೋರ್ ಅವರು 1920ರಲ್ಲಿ ಮೊಲಗಳಲ್ಲಿ ತೋರಿಸಿದ್ದರು. ಆರು ದಶಕಗಳ ಮೇಲೆ, ಜಪಾನಿನ ಮಸಾತೋಶಿ ಮಕೂಚಿ ಮೊದಲಾದ ಶಸ್ತ್ರವೈದ್ಯರು ಇದೇ ತತ್ತ್ವವನ್ನು ಮನುಷ್ಯರಿಗೆ ಅನ್ವಯಿಸಿದರು. ರೋಗವಿರುವ ಕಡೆಯ ಕವಲನ್ನು ಸೂಜಿಯ ಮೂಲಕ ಮುಚ್ಚಿ, ಕೆಲವು ವಾರ ಕಾದು, ಒಳ್ಳೆಯ ಕಡೆ ಬೆಳೆದ ಮೇಲೆ ರೋಗದ ಭಾಗವನ್ನು ತೆಗೆಯುವ ಕ್ರಮ ಇಂದು ಎಲ್ಲೆಡೆಯೂ ಬಳಕೆಯಲ್ಲಿದೆ.

ಬದುಕಿರುವವರ ಯಕೃದ್ದಾನವೂ ಇದೇ ಜ್ಞಾನದ ಫಲ. 1989ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ರಸೆಲ್ ಸ್ಟ್ರಾಂಗ್ ಅವರ ತಂಡ ಜಪಾನಿನ ತಾಯಿಯೊಬ್ಬಳ ಯಕೃತ್ತಿನ ಎಡಭಾಗವನ್ನು ಆಕೆಯ ಪುಟ್ಟ ಮಗನಿಗೆ ಕಸಿಮಾಡಿ ಸಫಲವಾಯಿತು. 1996ರಲ್ಲಿ ಹಾಂಕಾಂಗಿನ ವೈದ್ಯರು ಬಲಹಾಲೆಯನ್ನು ಬಳಸಿ ವಯಸ್ಕರಿಂದ ವಯಸ್ಕರಿಗೆ ಕಸಿಮಾಡಿದರು. ಭಾರತದಲ್ಲಿ ಇಂದು ನಡೆಯುವ ಯಕೃತ್ತಿನ ಕಸಿಗಳಲ್ಲಿ ಬಹುಪಾಲು ಹೀಗೆ ಬದುಕಿರುವ ಬಂಧುಗಳ ದಾನದಿಂದ ನಡೆಯುವಂಥವು.

ದಾನಿಯ ಯಕೃತ್ತು ಇಲಿಯದರಷ್ಟು ತ್ವರಿತವಾಗಿ ತುಂಬುವುದಿಲ್ಲ. ಮೊದಲ ಒಂದೆರಡು ವಾರಗಳಲ್ಲಿ ವೇಗವಾಗಿ ಬೆಳೆದು, ಅನಂತರ ನಿಧಾನವಾಗಿ, ತಿಂಗಳುಗಳ ಮೇಲೆ ಮೊದಲಿನ ಗಾತ್ರದ ಸಮೀಪಕ್ಕೆ ಬರುತ್ತದೆ. ದಾನಿಗಳಲ್ಲಿ ಅತಿ ಹೆಚ್ಚಿನವರು ತಮ್ಮ ಎಂದಿನ ಬದುಕಿಗೆ ಮರಳುತ್ತಾರೆ. ಹಾಗೆಂದು ಇದು ಅಪಾಯವಿಲ್ಲದ ಕಾರ್ಯವಲ್ಲ. ಬಲಹಾಲೆಯನ್ನು ಕೊಡುವವರಲ್ಲಿ ಸಾವಿರಕ್ಕೆ ಒಬ್ಬರಿಂದ ಐವರವರೆಗೆ ಪ್ರಾಣಹಾನಿಯ ಸಂಭವವಿದೆಯೆಂದು ವೈದ್ಯಲೋಕದಲ್ಲಿ ಅಂದಾಜು ಮಾಡುತ್ತಾರೆ. ‘ಮತ್ತೆ ಬೆಳೆಯುತ್ತದೆ’ ಎಂಬ ಮಾತನ್ನು ಮುಂದೊಡ್ಡಿ ಮನೆಯ ಹೆಣ್ಣುಮಕ್ಕಳನ್ನೋ ಕಿರಿಯರನ್ನೋ ದಾನಕ್ಕೆ ಒತ್ತಾಯಿಸುವುದು ಸರ್ವಥಾ ಸಲ್ಲದು.

ಬೆಳೆಯಲಾರದ ಯಕೃತ್ತು

ಇಷ್ಟು ಶಕ್ತಿಯಿರುವ ಅಂಗ ಕೆಟ್ಟುಹೋಗುವುದಾದರೂ ಹೇಗೆ? ಕೋಶಗಳ ಶಕ್ತಿ ಬತ್ತಿತೆಂದು ಮಾತ್ರ ಹೇಳುವಂತಿಲ್ಲ. ಅಮೆರಿಕದ ಆರೆಗಾನಿನಲ್ಲಿ 1997ರಲ್ಲಿ ಪ್ರಕಟವಾದ ಪ್ರಯೋಗವೊಂದು, ಒಂದು ಚಿಟ್ಟಿಲಿಯಿಂದ ಇನ್ನೊಂದಕ್ಕೆ ಸಾಲುಸಾಲಾಗಿ ವರ್ಗಾಯಿಸಿದ ಯಕೃತ್ಕೋಶಗಳು ಕಡಮೆಯೆಂದರೂ ಅರವತ್ತೊಂಬತ್ತು ಸಲ ಇಮ್ಮಡಿಸಬಲ್ಲವೆಂದು ತೋರಿಸಿತು. ಒಂದು ಸಲದ ಪೆಟ್ಟನ್ನು ಯಕೃತ್ತು ತಡೆದುಕೊಳ್ಳುತ್ತದೆ. ಅದು ಸೋಲುವುದು ಬಿಡದೆ ಬೀಳುವ ಪೆಟ್ಟಿಗೆ.

ಮದ್ಯ, ಹೆಪಟೈಟಿಸ್-ಬಿ ಮತ್ತು ಸಿ ವೈರಾಣುಗಳು, ಬೊಜ್ಜು ಮಧುಮೇಹಗಳೊಡನೆ ಬರುವ ಕೊಬ್ಬು, ಇವು ವರ್ಷಾನುಗಟ್ಟಲೆ ಕೋಶಗಳನ್ನು ನೋಯಿಸುತ್ತಲೇ ಇದ್ದರೆ, ಗಾಯವನ್ನು ಮಾಯಿಸಲು ಬರುವ ಕೋಶಗಳು ನಾರನ್ನು ನೂಲುತ್ತಹೋಗುತ್ತವೆ. ಆ ನಾರಿನ ಗೋಡೆಗಳ ನಡುವೆ ಸಿಕ್ಕಿಬಿದ್ದ ಯಕೃತ್ಕೋಶಗಳು ಅಲ್ಲಿಯೂ ಬೆಳೆಯಲೆಳಸುತ್ತವೆ. ಆದರೆ ರಕ್ತದ ದಾರಿಯೂ ಪಿತ್ತದ ದಾರಿಯೂ ಕೆಟ್ಟಿರುವುದರಿಂದ ಆ ಬೆಳವಣಿಗೆ ಉಪಯೋಗಕ್ಕೆ ಬಾರದ ಗಂಟುಗಳಾಗಿ ನಿಲ್ಲುತ್ತದೆ. ಕ್ರಮೇಣ ಅನೇಕ ಕೋಶಗಳು ಮುದಿಯಾಗಿ, ಆಜ್ಞೆ ಬಂದರೂ ಓಗೊಡದ ಸ್ಥಿತಿಯನ್ನು ಮುಟ್ಟುತ್ತವೆ. ಇದಕ್ಕೇ ಸಿರ್ಹೋಸಿಸ್ ಎನ್ನುವುದು.

ಹೀಗಿರುವಾಗ, ‘ಲಿವರ್ ಹೇಗೂ ಬೆಳೆಯುತ್ತದೆ’ ಎಂಬ ಅರ್ಧಜ್ಞಾನದ ಧೈರ್ಯದ ಮೇಲೆ ಅದನ್ನು ಹಿಂಸಿಸುವುದು ಅವಿವೇಕ. ಮಗು ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಹೆಪಟೈಟಿಸ್-ಬಿ ಲಸಿಕೆಯನ್ನು ತಪ್ಪದೆ ಹಾಕಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತವಾಗಿ ದೊರೆಯುತ್ತದೆ. ಮದ್ಯವನ್ನು ತ್ಯಜಿಸಿ. ಮಧುಮೇಹ ಬೊಜ್ಜುಗಳಿದ್ದವರು ಯಕೃತ್ತಿನ ಪರೀಕ್ಷೆಯನ್ನು ಮಾಡಿಸಿಕೊಳ್ಳಿ. ವೈದ್ಯರ ಸಲಹೆಯಿಲ್ಲದೆ ಮಾತ್ರೆ, ಕಷಾಯ, ಪುಡಿಗಳನ್ನು ದಿನಗಟ್ಟಲೆ ಸೇವಿಸಬೇಡಿ.

ಕೊನೆಯದಾಗಿ ಒಂದು ಮಾತು. 1994ರ ಮಾನವ ಅಂಗಾಂಗ ಕಸಿ ಕಾಯಿದೆ ಮಿದುಳು ನಿಷ್ಕ್ರಿಯಗೊಂಡವರ ಅಂಗದಾನಕ್ಕೆ ಅವಕಾಶವನ್ನು ಕಲ್ಪಿಸಿದೆ. ಕರ್ನಾಟಕದಲ್ಲಿ ‘ಜೀವಸಾರ್ಥಕತೆ’ ಎಂಬ ಸಂಸ್ಥೆ ಈ ಕಾರ್ಯವನ್ನು ನಡೆಸುತ್ತಿದೆ. ಮೃತರ ಅಂಗದಾನ ಹೆಚ್ಚಿದಷ್ಟೂ ಬದುಕಿರುವ ಮಗನೋ ಮಗಳೋ ತಾಯಿಯೋ ತನ್ನ ಆರೋಗ್ಯವಾದ ದೇಹವನ್ನು ಶಸ್ತ್ರಕ್ಕೆ ಒಡ್ಡಬೇಕಾದ ಸಂದರ್ಭ ಕಡಮೆಯಾಗುತ್ತದೆ. ಅಂಗದಾನಕ್ಕೆ ನಿಮ್ಮ ಹೆಸರನ್ನು ಕೊಡುವುದನ್ನು ನಾಳೆಗೆ ಮುಂದೂಡಬೇಡಿ. ಇಂದೇ ನೋಂದಾಯಿಸಿ, ಆ ನಿರ್ಧಾರವನ್ನು ಮನೆಯವರಿಗೂ ತಿಳಿಸಿಡಿ.